ಎಂಸಿವಿ ನಂಬರ್ ತಾಳೆ ಆಗ್ತಿಲ್ಲ ಅಂದ್ರೆ ತಪ್ಪನ್ನ ಎಲ್ಲಿ ಹುಡುಕೋದು

ಡಿಸೆಂಬರ್ ತಿಂಗಳು, ಬೆಳಿಗ್ಗೆ ಏಳೂವರೆ. ನಮ್ಮದು ಮಲೆನಾಡಿನ ಒಂದು ತಾಲೂಕು ಊರು, ಆ ಹೊತ್ತಿಗೆ ಲ್ಯಾಬ್ ಒಳಗೂ ಕೈ ಮರಗಟ್ಟೋ ಚಳಿ. ಅರವತ್ತು ದಾಟಿದ ಒಬ್ರು ಅಮ್ಮನ ಸಿಬಿಸಿ (ರಕ್ತದ ಕಣ ಎಣಿಸಿ ಅಳೆಯೋ ಟೆಸ್ಟ್) ಹಾಕಿದೆ, ಮಷಿನ್ ಕೊಟ್ಟಿದ್ದು ಹೀಗೆ: ಹಿಮೋಗ್ಲೋಬಿನ್ 9.6, ಆರ್‌ಬಿಸಿ 1.62 ಮಿಲಿಯನ್ (ಕೆಂಪು ಕಣದ ಎಣಿಕೆ), ಎಂಸಿವಿ 124 (ಒಂದು ಕೆಂಪು ಕಣದ ಸರಾಸರಿ ಗಾತ್ರ), ಪಿಸಿವಿ 20.1 (ರಕ್ತದಲ್ಲಿ ಕೆಂಪು ಕಣ ಹಿಡಿದಿರೋ ಜಾಗ), ಎಂಸಿಎಚ್‌ಸಿ 47.8. ಪಕ್ಕದಲ್ಲಿ ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮುಗಿಸಿ ಹೊಸದಾಗಿ ಸೇರಿದ್ದ ಹುಡುಗಿ ನಿಂತಿದ್ಲು, "ಎಂಸಿವಿ ಇಷ್ಟು ಜಾಸ್ತಿ ಇದೆಯಲ್ಲ ಸರ್, ಬಿ12 ಕಮ್ಮಿ ಇರ್ಬೇಕು ಅಲ್ವಾ" ಅಂದ್ಲು. ಬಿ12 ಕಮ್ಮಿ ಆದ್ರೆ ಕೆಂಪು ಕಣ ದೊಡ್ಡದಾಗತ್ತೆ, ಹಾಗಾಗಿ ಎಂಸಿವಿ ಒಂದನ್ನೇ ನೋಡಿದ್ರೆ ಅವಳು ಹೇಳಿದ್ದು ಸರಿ. ಆದ್ರೆ ಎಂಸಿಎಚ್‌ಸಿ (ಕೆಂಪು ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಅನ್ನೋ ಅಳತೆ) 47.8 ಅನ್ನೋದು ಯಾವ ಮನುಷ್ಯನ ಮೈಯಲ್ಲೂ ಇರಲ್ಲ, ಒಂದು ಕೆಂಪು ಕಣದೊಳಗೆ ಅಷ್ಟು ಹಿಮೋಗ್ಲೋಬಿನ್ ಹಿಡಿಸೋದೇ ಇಲ್ಲ. 36 ದಾಟಿದ್ರೆನೇ ನಾನು ಕೈ ತಡೀತೀನಿ.

ಟ್ಯೂಬ್ ಎತ್ತಿ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದೆ. ರಕ್ತ ನಿಧಾನ ಕೆಳಗೆ ಇಳೀತಿದ್ದ ಹಾಗೆ ಟ್ಯೂಬಿನ ಗೋಡೆಗೆ ಸಣ್ಣ ರವೆ ಅಂಟಿದ ಹಾಗೆ ಕೆಂಪು ಕೆಂಪು ಕಾಳು ಕಾಣಿಸ್ತು. ಅವಳ ಕೈಗೂ ಕೊಟ್ಟೆ, ಅಂಗೈಯಲ್ಲಿ ಮುಚ್ಚಿ ಹಿಡ್ಕೊಂಡು ಐದು ನಿಮಿಷ ಬಿಟ್ಟು ನೋಡಮ್ಮ ಅಂದೆ, ಕಾಳು ಅರ್ಧಕ್ಕರ್ಧ ಕರಗಿತ್ತು. ಆಮೇಲೆ 37 ಡಿಗ್ರಿ ವಾಟರ್ ಬಾತಲ್ಲಿ ಅರ್ಧ ಗಂಟೆ ಇಟ್ಟು, ತೆಗೆದ ತಕ್ಷಣ, ಟೇಬಲ್ ಮೇಲೆ ಒಂದು ನಿಮಿಷನೂ ಬಿಡದೆ ಮತ್ತೆ ಹಾಕಿದ್ವಿ. ಆರ್‌ಬಿಸಿ 3.15, ಎಂಸಿವಿ 91, ಪಿಸಿವಿ 28.7, ಎಂಸಿಎಚ್‌ಸಿ 33.4. ಹಿಮೋಗ್ಲೋಬಿನ್ ಮಾತ್ರ ಅದೇ 9.6, ಕದಲಲಿಲ್ಲ. ಚಳಿಗೆ ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಳ್ಳೋ ಕೋಲ್ಡ್ ಅಗ್ಲುಟಿನಿನ್ ಇದು. ಎಂಸಿವಿ 124 ಅಂತ ಕಳಿಸಿದ್ರೆ ಆ ಅಮ್ಮನಿಗೆ ಬಿ12 ಇಂಜೆಕ್ಷನ್ ಶುರುವಾಗ್ತಿತ್ತು, ನಿಜವಾದ ಕಾಯಿಲೆ ಕಡೆ ಯಾರೂ ನೋಡ್ತಾನೇ ಇರ್ಲಿಲ್ಲ.

ಕೆಂಪು ಕಣದ ಗಾತ್ರದ ಬಗ್ಗೆ ಯಾವುದೇ ನಂಬರ್ ವಿಚಿತ್ರ ಅನ್ನಿಸಿದ್ರೂ ನಾನು ಕೇಳ್ಕೊಳೋದು ಒಂದೇ ಪ್ರಶ್ನೆ, ಈ ನಂಬರ್ ಪೇಷಂಟ್ ಮೈಯಿಂದ ಬಂತಾ, ಟ್ಯೂಬಿಂದ ಬಂತಾ, ಮಷಿನ್ನಿಂದ ಬಂತಾ. ಈ ಮೂರನ್ನ ಬೇರೆ ಮಾಡೋದು ಹೇಗೆ ಅಂತ ಲ್ಯಾಬಲ್ಲಿ ಹೊಸದಾಗಿ ಕೂತಿರೋರಿಗೂ, ಮನೆಯವರ ರಿಪೋರ್ಟ್ ಕೈಯಲ್ಲಿ ಹಿಡ್ಕೊಂಡು ತಲೆ ಕೆಡಿಸ್ಕೊಂಡಿರೋರಿಗೂ ಅರ್ಥ ಆಗೋ ಹಾಗೆ ಬರೀತಿದೀನಿ.

ಮೊದಲು ಈ ನಂಬರ್ ಹುಟ್ಟೋದು ಹೇಗೆ

ಎಂಸಿವಿ ಅಂದ್ರೆ ಒಂದು ಕೆಂಪು ಕಣದ ಸರಾಸರಿ ಗಾತ್ರ, ಫೆಮ್ಟೋಲೀಟರ್ ಲೆಕ್ಕದಲ್ಲಿ, ದೊಡ್ಡವರಿಗೆ 80ರಿಂದ 100. ಪಿಸಿವಿ ಅಥವಾ ಹಿಮ್ಯಾಟೊಕ್ರಿಟ್ ಅಂದ್ರೆ ಒಟ್ಟು ರಕ್ತದಲ್ಲಿ ಕೆಂಪು ಕಣ ತುಂಬಿರೋ ಜಾಗ ನೂರಕ್ಕೆ ಎಷ್ಟು ಅಂತ. ನಮ್ಮ ಕಡೆಯವರಿಗೆ ಅಡಿಕೆ ಲೆಕ್ಕದಲ್ಲಿ ಹೇಳಿದ್ರೆ ಬೇಗ ಹತ್ತತ್ತೆ, ಡಬ್ಬದಲ್ಲಿ ಅಡಿಕೆ ಎಲ್ಲಿವರೆಗೆ ತುಂಬಿದೆ ಅನ್ನೋದು ಪಿಸಿವಿ, ಎಷ್ಟು ಅಡಿಕೆ ಇದೆ ಅನ್ನೋದು ಆರ್‌ಬಿಸಿ ಕೌಂಟ್, ಒಂದು ಅಡಿಕೆ ಸರಾಸರಿ ಎಷ್ಟು ದಪ್ಪ ಅನ್ನೋದು ಎಂಸಿವಿ, ಎಲ್ಲ ಒಂದೇ ಸೈಜಾ ಇಲ್ಲ ಸಣ್ಣದು ದೊಡ್ಡದು ಬೆರೆತಿದೆಯಾ ಅನ್ನೋದು ಆರ್‌ಡಿಡಬ್ಲ್ಯೂ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 50 ಲಕ್ಷ ಕಣ ಇದ್ದು ಒಂದೊಂದೂ 90 ಫೆಮ್ಟೋಲೀಟರ್ ಇದ್ರೆ ಎಲ್ಲ ಸೇರಿ ನೂರಕ್ಕೆ 45 ಭಾಗ ಜಾಗ ಹಿಡಿಯತ್ತೆ, ಅದೇ ಪಿಸಿವಿ 45.

ಹಳೇ ಕಾಲದಲ್ಲಿ ಪಿಸಿವಿನ ಅಳೀತಿದ್ರು, ಎಂಸಿವಿನ ಲೆಕ್ಕ ಹಾಕ್ತಿದ್ರು. ಮ್ಯಾಕ್ಸ್‌ವೆಲ್ ವಿಂಟ್ರೋಬ್ 1929ರಲ್ಲಿ ಗೀಟು ಹಾಕಿರೋ ಗಾಜಿನ ನಳಿಗೆ ಮಾಡಿದ್ರು, ಅದರಲ್ಲಿ ರಕ್ತ ತುಂಬಿ 3000 ಆರ್‌ಪಿಎಮ್‌ಗೆ ಅರ್ಧ ಗಂಟೆ ತಿರುಗಿಸಿ ಕೆಂಪು ಕಣ ಎಲ್ಲಿವರೆಗೆ ಕೂತಿದೆ ಅಂತ ಓದೋದು, ನ್ಯೂಬಾವರ್ ಚೇಂಬರಲ್ಲಿ ಕಣ ಎಣಿಸೋದು, ಆಮೇಲೆ ಪಿಸಿವಿನ ಹತ್ತರಿಂದ ಗುಣಿಸಿ ಆರ್‌ಬಿಸಿಯಿಂದ ಭಾಗಿಸಿದ್ರೆ ಎಂಸಿವಿ. ಈಗಿನ ಬಹಳಷ್ಟು ಮಷಿನಲ್ಲಿ ಇದು ತಿರುಗು ಮುರುಗು. ವ್ಯಾಲೇಸ್ ಕೌಲ್ಟರ್ ಅನ್ನೋರು 1953ರಲ್ಲಿ ಪೇಟೆಂಟ್ ಪಡೆದ ಉಪಾಯ ಇವತ್ತಿಗೂ ನಮ್ಮ ಸಣ್ಣ ಸಣ್ಣ ಕೌಂಟರ್‌ಗಳ ಒಳಗೆ ಕೆಲಸ ಮಾಡ್ತಿದೆ. ಉಪ್ಪು ನೀರಿನಂಥ ಡೈಲ್ಯುಯೆಂಟಲ್ಲಿ ರಕ್ತ ತೆಳು ಮಾಡಿ ಕೂದಲೆಳೆ ಅಷ್ಟಿರೋ ತೂತಿನಿಂದ ಕಣಗಳನ್ನ ಎಳೀತಾರೆ, ತೂತಿನ ಆಚೆ ಈಚೆ ಕರೆಂಟ್ ಹರೀತಿರತ್ತೆ, ಕಣ ದಾಟುವಾಗ ಕರೆಂಟಿಗೆ ಅಡ್ಡ ಬರತ್ತೆ, ಎಷ್ಟು ಸಲ ಅಡ್ಡ ಬಂತೋ ಅಷ್ಟು ಕಣ, ಎಷ್ಟು ದೊಡ್ಡದಾಗಿ ಅಡ್ಡ ಬಂತೋ ಅಷ್ಟು ಗಾತ್ರ. ಅಂದ್ರೆ ಮಷಿನ್ ಎಂಸಿವಿ ಅಳೆದು ಪಿಸಿವಿ ಲೆಕ್ಕ ಹಾಕತ್ತೆ. ಕೆಲವು ಮಷಿನ್ ಎಲ್ಲ ಪಲ್ಸ್ (ಕಣ ಅಡ್ಡ ಬಂದಾಗ ಏಳೋ ಸಿಗ್ನಲ್) ಕೂಡಿಸಿ ಪಿಸಿವಿ ತೆಗೆದು ಅದರಿಂದ ಎಂಸಿವಿಗೆ ಬರತ್ತೆ, ಆದ್ರೂ ಮೂಲ ಅದೇ ಪಲ್ಸ್. ಹಿಮೋಗ್ಲೋಬಿನ್ ಮಾತ್ರ ಪೂರ್ತಿ ಬೇರೆ ದಾರಿ, ಕಣ ಒಡೆದು ಬಣ್ಣ ನೋಡೋದು.

ಇಷ್ಟು ತಲೆಯಲ್ಲಿದ್ರೆ ಮೇಲಿನ ಅಮ್ಮನ ನಂಬರ್ ತಾನಾಗಿ ಬಿಡಿಸ್ಕೊಳತ್ತೆ. ಎರಡು ಕಣ ಅಂಟಿ ಒಟ್ಟಿಗೆ ದಾಟಿದ್ರೆ ಮಷಿನ್ನಿಗೆ ಅದು ಒಂದು ದೊಡ್ಡ ಕಣ, ಹಾಗಾಗಿ ಕೌಂಟ್ ಇಳೀತು ಎಂಸಿವಿ ಏರ್ತು. ಹತ್ತಾರು ಕಣದ ಗಂಟಾದ್ರೆ ಅದು ಕೆಂಪು ಕಣ ಅಂತ ಲೆಕ್ಕಕ್ಕೇ ಬರಲ್ಲ, ಹಾಗಾಗಿ ಪಿಸಿವಿನೂ ಬಿತ್ತು. ಹಿಮೋಗ್ಲೋಬಿನ್‌ಗೆ ಕಣ ಒಡೆದಿದ್ರಿಂದ ಅಂಟಿದ್ರೂ ಬಿಟ್ರೂ ಒಂದೇ. ಸರಿ ಇರೋ ಹಿಮೋಗ್ಲೋಬಿನ್ನನ್ನ ತಪ್ಪಾದ ಪಿಸಿವಿಯಿಂದ ಭಾಗಿಸಿದ್ದಕ್ಕೆ ಎಂಸಿಎಚ್‌ಸಿ 47ಕ್ಕೆ ಹಾರ್ತು. ಎಂಸಿಎಚ್‌ಸಿಯನ್ನ ಡಾಕ್ಟರ್‌ಗಳೂ ಅಷ್ಟಾಗಿ ನೋಡಲ್ಲ, ಆದ್ರೆ ಎರಡು ಬೇರೆ ಬೇರೆ ದಾರಿಯಲ್ಲಿ ಬಂದ ಅಳತೆಗಳು ಒಂದಕ್ಕೊಂದು ಹೊಂದ್ತಿದೆಯಾ ಅಂತ ಹೇಳೋ ಸಾಕ್ಷಿ ಅದೊಂದೇ, ನನಗೆ ಇಡೀ ಸಿಬಿಸಿಯಲ್ಲಿ ಅದೇ ಕಾವಲುಗಾರ.

ಇನ್ನೊಂದು ಬಾಯಿ ಲೆಕ್ಕ, ಹಿಮೋಗ್ಲೋಬಿನ್ ಮೂರರಷ್ಟು ಮಾಡಿದ್ರೆ ಪಿಸಿವಿ ಹತ್ರ ಬರ್ಬೇಕು, ಮೂರು ಆಚೆ ಈಚೆ ಪರವಾಗಿಲ್ಲ. 9.6ಕ್ಕೆ 29 ಬರ್ಬೇಕು, 20 ಬಂದಿತ್ತು. ಈ ಲೆಕ್ಕ ಕಣದ ಗಾತ್ರ, ಬಣ್ಣ ಸರಿ ಇರೋರಿಗೆ ಮಾತ್ರ, ಐರನ್ ತುಂಬಾ ಕಮ್ಮಿ ಇರೋರಲ್ಲಿ ಹೊಂದದೇ ಇದ್ರೆ ಅದು ಮಷಿನ್ ತಪ್ಪಲ್ಲ.

ಒಬ್ಬರದ್ದಾ, ಎಲ್ಲರದ್ದಾ

ಅನುಮಾನ ಬಂದ ತಕ್ಷಣ ಆ ದಿನದ ಉಳಿದ ರಿಪೋರ್ಟ್ ತಿರುವಿ ಹಾಕಿ. ಒಬ್ಬರದ್ದು ಮಾತ್ರ ವಿಚಿತ್ರ ಇದ್ರೆ ಟ್ಯೂಬ್ ಅಥವಾ ಪೇಷಂಟ್. ಬೆಳಗ್ಗೆಯಿಂದ ಬಂದೋರೆಲ್ಲರ ಎಂಸಿವಿ ನಾಲ್ಕೈದು ಮೇಲೆ ಸರಿದಿದ್ರೆ ಊರಿನವರಿಗೆಲ್ಲ ಒಂದೇ ದಿನ ಬಿ12 ಕಮ್ಮಿ ಆಗಲ್ಲ, ಅದು ಮಷಿನ್.

ನಮ್ಮಲ್ಲಿ ಒಮ್ಮೆ ಹೀಗೇ ಆಯ್ತು. ಒಂದು ವಾರ ಎಲ್ಲರ ಎಂಸಿವಿ ಮೇಲೆ, ಎಂಸಿಎಚ್‌ಸಿ 30ರ ಆಸುಪಾಸು. ಕಂಟ್ರೋಲ್, ಅಂದ್ರೆ ನಂಬರ್ ಮೊದಲೇ ಗೊತ್ತಿರೋ ರಕ್ತ, ಹಾಕಿದ್ರೆ ಮೂರು ಲೆವೆಲ್ಲೂ ರೇಂಜ್ ಒಳಗೇ. ಅಪರ್ಚರ್ (ಕಣ ದಾಟೋ ತೂತು) ಕ್ಲೀನ್ ಮಾಡಿದ್ವಿ, ರಕ್ತ ಇಲ್ಲದೆ ಓಡಿಸಿ ಬ್ಯಾಕ್‌ಗ್ರೌಂಡ್ ಕೌಂಟ್ ನೋಡಿದ್ವಿ, ಏನೂ ಬದಲಾಗಲಿಲ್ಲ. ಕೊನೆಗೆ ರಿಜಿಸ್ಟರ್ ತೆಗೆದು ಯಾವ ದಿನದಿಂದ ಶುರುವಾಗಿದೆ ನೋಡಿದ್ರೆ ಡೈಲ್ಯುಯೆಂಟಿನ ಹೊಸ ಕ್ಯಾನ್ ಹಾಕಿದ ಮಧ್ಯಾಹ್ನದಿಂದ. ಬೇರೆ ಲಾಟಿನ ಕ್ಯಾನ್ ತರಿಸಿ ಅದೇ ಐದು ಸ್ಯಾಂಪಲ್ ಎರಡರಲ್ಲೂ ಓಡಿಸಿದ್ವಿ, ವ್ಯತ್ಯಾಸ ಕಣ್ಣಿಗೆ ಹೊಡೀತು. ಡೈಲ್ಯುಯೆಂಟಲ್ಲಿ ಉಪ್ಪಿನಂಶ ಒಂಚೂರು ಕಮ್ಮಿ ಇದ್ರೂ ನೀರು ಕಣದೊಳಗೆ ನುಗ್ಗಿ ಉಬ್ಬಿಸತ್ತೆ. ಕಂಟ್ರೋಲ್ ಯಾಕೆ ಹಿಡೀಲಿಲ್ಲ ಅಂದ್ರೆ ಕಂಟ್ರೋಲ್ ರಕ್ತದ ಕಣಗಳನ್ನ ತಿಂಗಳುಗಟ್ಟಲೆ ಕೆಡದ ಹಾಗೆ ಗಟ್ಟಿ ಮಾಡಿಟ್ಟಿರ್ತಾರೆ, ಅವು ತಾಜಾ ಕಣದಷ್ಟು ಸುಲಭಕ್ಕೆ ಉಬ್ಬಲ್ಲ. ಇದಕ್ಕೇ ಬ್ರಯಾನ್ ಬುಲ್ ಅನ್ನೋರು 1974ರಲ್ಲೇ ಪೇಷಂಟ್‌ಗಳ ನಂಬರನ್ನೇ ಕಂಟ್ರೋಲ್ ಮಾಡ್ಕೊಳ್ಳೋ ದಾರಿ ತೋರಿಸಿದ್ರು, ಇಪ್ಪತ್ತಿಪ್ಪತ್ತು ಜನರ ಎಂಸಿವಿ, ಎಂಸಿಎಚ್ (ಒಂದು ಕಣದಲ್ಲಿರೋ ಹಿಮೋಗ್ಲೋಬಿನ್), ಎಂಸಿಎಚ್‌ಸಿ ಸರಾಸರಿ ನೋಡ್ತಾ ಹೋಗೋದು, ನೂರಕ್ಕೆ ಮೂರಕ್ಕಿಂತ ಜಾಸ್ತಿ ಸರಿದ್ರೆ ಮಷಿನ್ ನಿಲ್ಲಿಸಿ ಹುಡುಕೋದು. ದೊಡ್ಡ ಮಷಿನ್‌ಗಳು ಇದನ್ನ ತಾವೇ ಮಾಡ್ತವೆ, ಸಣ್ಣ ಲ್ಯಾಬಲ್ಲಿ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ, ದಿನಕ್ಕೆ ಐದು ನಿಮಿಷದ ಕೆಲಸ.

ತಪ್ಪು ಟ್ಯೂಬಲ್ಲಿದ್ರೆ

ಎಂಸಿಎಚ್‌ಸಿ ಮೇಲೆ ಹೋಗಿದ್ಯಾ ಕೆಳಗೆ ಬಂದಿದ್ಯಾ ಅನ್ನೋದ್ರಿಂದ ಶುರು ಮಾಡಿ.

ಮೇಲೆ ಹೋಗಿದ್ದು ಎಂಸಿವಿನೂ ಮೇಲಿದ್ದು ಆರ್‌ಬಿಸಿ ಪಾತಾಳಕ್ಕೆ ಇಳಿದಿದ್ರೆ ಆ ಅಮ್ಮನ ಕಥೆ, ಬಿಸಿ ಮಾಡಿ ಓಡಿಸಿ. ಎಂಸಿಎಚ್‌ಸಿ ಮೇಲಿದ್ದು ಎಂಸಿವಿ, ಆರ್‌ಬಿಸಿ ಎರಡೂ ಸರಿ ಇದ್ರೆ ಹಿಮೋಗ್ಲೋಬಿನ್ ಮೇಲೆ ಅನುಮಾನ ಪಡಿ, ಟ್ಯೂಬನ್ನ ಒಂದು ಗಂಟೆ ನಿಲ್ಲಿಸಿಟ್ರೆ ಮೇಲಿನ ಪ್ಲಾಸ್ಮಾ ಹಾಲಿನ ಹಾಗೆ ಬೆಳ್ಳಗಿರತ್ತೆ, ಅದು ಕೊಬ್ಬು, ಬೆಳಕಿಗೆ ಅಡ್ಡ ನಿಂತು ಹಿಮೋಗ್ಲೋಬಿನ್ ಜಾಸ್ತಿ ತೋರಿಸತ್ತೆ. ಆ ಪ್ಲಾಸ್ಮಾನ ಅಳತೆ ಮಾಡಿ ತೆಗೆದು ಅಷ್ಟೇ ಡೈಲ್ಯುಯೆಂಟ್ ತುಂಬಿ ಮತ್ತೆ ಓಡಿಸಿದ್ರೆ ಸರಿ ಹೋಗತ್ತೆ. ಪ್ಲಾಸ್ಮಾ ಗುಲಾಬಿ ಇದ್ರೆ ಕಣ ಒಡೆದಿದೆ, ಸಿರಿಂಜಲ್ಲಿ ಎಳೆದು ಸೂಜಿ ತೆಗೀದೇ ಜೋರಾಗಿ ಟ್ಯೂಬಿಗೆ ಒತ್ತಿದ್ರೆ ಹೀಗಾಗತ್ತೆ, ಬೇರೆ ಸ್ಯಾಂಪಲ್ ತಗೊಳ್ಳಿ. ಹೊಸ ಸ್ಯಾಂಪಲಲ್ಲೂ ಗುಲಾಬಿನೇ ಇದ್ರೆ ಮೈಯೊಳಗೇ ಕಣ ಒಡೀತಿದೆಯೇನೋ, ಡಾಕ್ಟರ್‌ಗೆ ಫೋನ್ ಮಾಡಿ. ಇದ್ಯಾವುದೂ ಅಲ್ದೆ ಎಂಸಿಎಚ್‌ಸಿ 36, 37 ನಿಂತಿದ್ರೆ ಸ್ಲೈಡ್ (ಗಾಜಿನ ಮೇಲೆ ಸವರಿದ ರಕ್ತ) ಮೈಕ್ರೋಸ್ಕೋಪಲ್ಲಿ ನೋಡಿ, ಕಣಗಳು ನಡುವಿನ ಬಿಳುಪಿಲ್ಲದೆ ಗೋಲಿ ತರ ದುಂಡಗೆ ಇದ್ರೆ ಅದು ಹುಟ್ಟಿಂದ ಬರೋ ಸ್ಫಿರೋಸೈಟೋಸಿಸ್ ಇರಬಹುದು, ಎಂಸಿಎಚ್‌ಸಿ ನಿಜವಾಗ್ಲೂ ಜಾಸ್ತಿ ಇರೋ ಕಾಯಿಲೆ ಹೆಚ್ಚುಕಮ್ಮಿ ಅದೊಂದೇ.

ಎಂಸಿಎಚ್‌ಸಿ ಕೆಳಗೆ, ಎಂಸಿವಿ ಮೇಲೆ ಅಂದ್ರೆ ಕಣ ಉಬ್ಬಿದೆ. ಎರಡು ಕಾರಣ ಪದೇ ಪದೇ ಸಿಗತ್ತೆ.

ಒಂದು, ಶುಗರ್ ವಿಪರೀತ ಇರೋರು. ಶುಗರ್ 700 ದಾಟಿ ಅರೆ ಪ್ರಜ್ಞೆಯಲ್ಲಿ ಬಂದಿದ್ದ ಒಬ್ರದ್ದು ಹಿಮೋಗ್ಲೋಬಿನ್ 13.2, ಆರ್‌ಬಿಸಿ 4.4, ಎಂಸಿವಿ 103, ಎಂಸಿಎಚ್‌ಸಿ 29 ಬಂತು. ಅಷ್ಟು ಸಕ್ಕರೆ ಇರೋ ರಕ್ತದಲ್ಲಿ ಕೆಂಪು ಕಣದ ಒಳಗೂ ಸಕ್ಕರೆ ತುಂಬಿರತ್ತೆ, ಅದನ್ನ ಏಕಾಏಕಿ ಸಕ್ಕರೆ ಇಲ್ಲದ ಡೈಲ್ಯುಯೆಂಟಿಗೆ ಹಾಕಿದ್ರೆ ಅವಲಕ್ಕಿ ನೀರು ಕುಡಿದ ಹಾಗೆ ಕಣ ನೀರು ಎಳ್ಕೊಂಡು ಉಬ್ಬತ್ತೆ, ಮಷಿನ್ ಅಳೆಯೋದು ಸರಿಯಾಗಿ ಆ ಗಳಿಗೆಯಲ್ಲೇ. ಸ್ಯಾಂಪಲ್ನ ಮೊದಲೇ ಡೈಲ್ಯುಯೆಂಟಲ್ಲಿ ತೆಳು ಮಾಡಿ ಹತ್ತು ನಿಮಿಷ ಬಿಟ್ಟು ಓಡಿಸಿ, ಒಳಗಿನ ಸಕ್ಕರೆ ಆಚೆ ಬಂದು ಕಣ ತನ್ನ ಗಾತ್ರಕ್ಕೆ ಮರಳತ್ತೆ, ಆ ಪೇಷಂಟಿಗೂ ಎಂಸಿವಿ 90ಕ್ಕೆ ಬಂತು. ಸೋಡಿಯಂ ತುಂಬಾ ಜಾಸ್ತಿ ಇರೋರಲ್ಲೂ ಇದೇ ತರ, ಸೋಡಿಯಂ ತುಂಬಾ ಕಮ್ಮಿ ಇರೋರಲ್ಲಿ ಉಲ್ಟಾ.

ಇನ್ನೊಂದು ಹಳೇ ಸ್ಯಾಂಪಲ್. ಶನಿವಾರ ಮಧ್ಯಾಹ್ನ ಹಳ್ಳಿ ಕಡೆ ಕಲೆಕ್ಷನ್ ಸೆಂಟರಲ್ಲಿ ತೆಗೆದಿದ್ದು ಭಾನುವಾರ ಎಲ್ಲೋ ಮೂಲೆಯಲ್ಲಿದ್ದು ಸೋಮವಾರ ಬಸ್ಸಲ್ಲಿ ಬಂದಿರತ್ತೆ, ಅಷ್ಟೊತ್ತಿಗೆ ಕಣ ಉಬ್ಬಿ 94 ಇದ್ದಿದ್ದು 100 ದಾಟಿರತ್ತೆ. ಹಿಮೋಗ್ಲೋಬಿನ್ ನೋಡಿದ್ರೆ ಏನೂ ಗೊತ್ತಾಗಲ್ಲ, ಅದು ಕೆಡಲ್ಲ. ರೂಮ್ ಟೆಂಪರೇಚರಲ್ಲಿ ಎಂಟು ಗಂಟೆಯೊಳಗೆ ಓಡಿಸೋದು ಒಳ್ಳೇದು, 24 ಗಂಟೆ ದಾಟಿದ್ರೆ ಎಂಸಿವಿ, ಪಿಸಿವಿ, ಆರ್‌ಡಿಡಬ್ಲ್ಯೂ ಮೂರನ್ನೂ ನಂಬಬೇಡಿ. ಟ್ಯೂಬ್ ಮೇಲೆ ತಾರೀಕಿನ ಜೊತೆ ರಕ್ತ ತೆಗೆದ ಟೈಮ್ ಬರೆಸಿ, ಬರೀದೇ ಕಳಿಸಿದ್ರೆ ಫೋನ್ ಮಾಡಿ ಕೇಳಿ. ನಾನು ಇದನ್ನ ಹಠ ಹಿಡಿದು ಮಾಡ್ತೀನಿ, ಕಿರಿಕಿರಿ ಅಂದ್ಕೊಂಡೋರೂ ಇದಾರೆ, ಆದ್ರೂ ಬಿಡಲ್ಲ.

ಸಿಬಿಸಿಗೆ ರಕ್ತ ತಗೊಳ್ಳೋ ಪರ್ಪಲ್ ಟ್ಯೂಬಿಗೆ ಗೀಟಿನವರೆಗೆ ರಕ್ತ ಹಾಕ್ಬೇಕು. ಮಗು ಅಳ್ತಿದೆ ಅಂತ ಎರಡು ಎಂಎಲ್ ಟ್ಯೂಬಿಗೆ ಅರ್ಧ ಎಂಎಲ್ ಹಾಕಿದ್ರೆ ಅಲ್ಲಿರೋ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಈಡಿಟಿಎ ಉಪ್ಪು ಕಣಕ್ಕೆ ಜಾಸ್ತಿ ಆಗಿ ಕಣ ಮುದುಡತ್ತೆ, ತಿರುಗಿಸಿ ಓದೋ ಪಿಸಿವಿ ಕಮ್ಮಿ ಬರತ್ತೆ, ಸ್ಲೈಡಲ್ಲೂ ಕಣದ ಆಕಾರ ಕೆಡತ್ತೆ. ಹಾಕಿದ ಮೇಲೆ ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಿ, ಕುಲುಕಬೇಡಿ. ಕಡ್ಡಿ ಇಳಿಬಿಟ್ಟು ಕ್ಲಾಟ್ ಇದೆಯಾ ನೋಡಿ. ಬಿಳಿ ಕಣ ಲಕ್ಷ ದಾಟಿರೋ ಲ್ಯುಕೀಮಿಯಾ ಪೇಷಂಟಲ್ಲಿ ಬಿಳಿ ಕಣಗಳೂ ಕೆಂಪು ಕಣದ ಲೆಕ್ಕಕ್ಕೆ ಸೇರಿ ಎಂಸಿವಿ ಏರಿಸ್ತವೆ, ಮೈಯಲ್ಲಿ ರಕ್ತ ಕಮ್ಮಿ ಇದ್ದಷ್ಟೂ ಇದು ಎದ್ದು ಕಾಣತ್ತೆ.

ಯಾವುದಕ್ಕೂ ದಾರಿ ಕಾಣದೇ ಇದ್ದಾಗ ನಾನು ಹೋಗೋದು ಹಳೇ ಮೈಕ್ರೋ ಪಿಸಿವಿಗೆ. ಕ್ಯಾಪಿಲರಿಗೆ ಮುಕ್ಕಾಲು ಭಾಗ ರಕ್ತ ತುಂಬಿ, ಒಂದು ತುದಿಗೆ ಜೇಡಿ ಸೀಲ್ ಒತ್ತಿ, ಸ್ಪೀಡಿನ ಸೆಂಟ್ರಿಫ್ಯೂಜಲ್ಲಿ ಐದು ನಿಮಿಷ ತಿರುಗಿಸಿ ಕೆಂಪು ಎಲ್ಲಿ ಮುಗೀತು ಅಂತ ಓದೋದು, ಮೇಲಿನ ಬಿಳಿ ಪದರ ಸೇರಿಸಬಾರದು. ಕಣಗಳ ನಡುವೆ ಸ್ವಲ್ಪ ಪ್ಲಾಸ್ಮಾ ಸಿಕ್ಕಿ ಹಾಕ್ಕೊಳೋದ್ರಿಂದ ಮಷಿನ್ನಿಗಿಂತ ನೂರಕ್ಕೆ ಒಂದರಿಂದ ಮೂರರಷ್ಟು ಜಾಸ್ತಿ ಬರೋದು ಮಾಮೂಲಿ. ಕಣ ಅಂಟಿದ್ರೂ ಇದಕ್ಕೆ ಲೆಕ್ಕ ಇಲ್ಲ, ಎಲ್ಲ ತಳಕ್ಕೆ ಕೂರತ್ತೆ. ಆ ಅಮ್ಮನ ಸ್ಯಾಂಪಲ್ನ ಬಿಸಿ ಮಾಡೋಕೆ ಮುಂಚೆನೇ ಇದಕ್ಕೆ ಹಾಕಿದ್ದೆ, 29 ಬಂದಿತ್ತು. ಮಷಿನ್ ಹೇಳಿದ 20 ಸುಳ್ಳು ಅಂತ ಅಲ್ಲೇ ಗೊತ್ತಾಗಿತ್ತು.

ಕೊನೆಗೆ ಸ್ಯಾಂಪಲ್ ಅದಲು ಬದಲು. ಕೆಂಪು ಕಣದ ಆಯಸ್ಸು ಸುಮಾರು 120 ದಿನ, ಹಾಗಾಗಿ ಎಂಸಿವಿ ಒಂದೆರಡು ದಿನದಲ್ಲಿ ಏರಿಳಿಯೋ ವಸ್ತುನೇ ಅಲ್ಲ. ಬಿಳಿ ಕಣ ಒಂದೇ ದಿನದಲ್ಲಿ ಎರಡರಷ್ಟಾಗಬಹುದು, ಪ್ಲೇಟ್‌ಲೆಟ್ ಅರ್ಧ ಆಗಬಹುದು, ರಕ್ತಸ್ರಾವಕ್ಕೆ ಹಿಮೋಗ್ಲೋಬಿನ್ ಬೀಳಬಹುದು, ಆದ್ರೆ ನಿನ್ನೆ 71 ಇದ್ದ ಎಂಸಿವಿ ಇವತ್ತು 92 ಆಗ್ಬೇಕಂದ್ರೆ ರಾತ್ರಿ ರಕ್ತ ಕೊಟ್ಟಿರ್ಬೇಕು ಇಲ್ಲ ಬೇರೆಯವರ ಟ್ಯೂಬಾಗಿರ್ಬೇಕು. ಬಾಣಂತಿ ವಾರ್ಡಲ್ಲಿ ಒಂದೇ ಹೆಸರಿನ ಇಬ್ರು ಅಕ್ಕಪಕ್ಕದ ಬೆಡ್ಡಲ್ಲಿದ್ದಾಗ ನಾವು ಹೀಗೇ ಹಿಡಿದ್ವಿ, ಒಬ್ಬರಿಗೆ ರಕ್ತ ಹಾಕೋಕೆ ಕ್ರಾಸ್‌ಮ್ಯಾಚ್‌ಗೆ ಬರೆದಾಗಿತ್ತು, ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನತ್ತೆ. ಮೂರು ನಾಲ್ಕು ಫೆಮ್ಟೋಲೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಹಳೇ ರಿಪೋರ್ಟ್ ಪಕ್ಕ ಇಟ್ಟು ನೋಡಿ, ವಾರ್ಡಿಗೆ ಹೋಗಿ ಮತ್ತೆ ರಕ್ತ ತಗೊಳ್ಳಿ.

ನಂಬರ್ ನಿಜ ಅಂತಾದ ಮೇಲೆ

ಎಂಸಿವಿ 80ಕ್ಕಿಂತ ಕಮ್ಮಿ ಇದ್ರೆ ನಮ್ಮ ದೇಶದಲ್ಲಿ ಮೊದಲು ಐರನ್ ಕಮ್ಮಿ ಅಂತಾರೆ, ಬಹಳ ಸಲ ಅದೇ ಇರತ್ತೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ಆದ್ರೆ ಇದೇ ಜಾಗದಲ್ಲಿ ತಲಸೇಮಿಯಾ ಟ್ರೇಟ್ ಇರೋರು, ಅಂದ್ರೆ ಹುಟ್ಟಿಂದ ಬರೋ ಆ ರಕ್ತದ ಕಾಯಿಲೆಯ ಬರೀ ಕ್ಯಾರಿಯರ್ ಆಗಿರೋರು, ತಪ್ಪಿ ಹೋಗ್ತಾರೆ, ಅದು ನನಗೆ ತುಂಬಾ ಬೇಜಾರು ಮಾಡೋ ವಿಷಯ.

ಒಬ್ಳು ಹುಡುಗಿ, ಇಪ್ಪತ್ನಾಲ್ಕು ವರ್ಷ. ಹೈಸ್ಕೂಲಿಂದ ಐರನ್ ಮಾತ್ರೆ ನುಂಗ್ತಾನೇ ಇದಾಳೆ, ಹೊಟ್ಟೆ ಉರಿ, ಮಲಬದ್ಧತೆ ಬಂದ್ರೂ ಬಿಟ್ಟಿಲ್ಲ, ಹಿಮೋಗ್ಲೋಬಿನ್ 11 ದಾಟಲ್ಲ. "ಸೊಪ್ಪು ತಿನ್ನಲ್ಲ ಇವಳು" ಅಂತ ಅವರಮ್ಮ ನನ್ನ ಮುಂದೇನೇ ಬೈತಿದ್ರು. ರಿಪೋರ್ಟಲ್ಲಿ ಹಿಮೋಗ್ಲೋಬಿನ್ 10.8, ಎಂಸಿವಿ 62, ಆರ್‌ಬಿಸಿ 5.6, ಆರ್‌ಡಿಡಬ್ಲ್ಯೂ 14. ಅದೇ ದಿನ ಬಂದಿದ್ದ ಇನ್ನೊಬ್ರು, ತಿಂಗಳ ಸ್ರಾವ ಜಾಸ್ತಿ ಇರೋರು, ಹಿಮೋಗ್ಲೋಬಿನ್ 8.6, ಎಂಸಿವಿ 69, ಆರ್‌ಬಿಸಿ 4.1, ಆರ್‌ಡಿಡಬ್ಲ್ಯೂ 19. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಐರನ್ ಇಲ್ಲದೇ ಇದ್ರೆ ಕಣ ಮಾಡೋಕೆ ಸರಕೇ ಸಾಲಲ್ಲ, ಕಣ ಸಣ್ಣದೂ ಆಗತ್ತೆ ಕಮ್ಮಿನೂ ಆಗತ್ತೆ, ಸ್ಟಾಕ್ ಖಾಲಿ ಆಗ್ತಾ ಆಗ್ತಾ ಮಾಡಿದ್ದು ಒಂದೊಂದು ಸೈಜ್, ಅದಕ್ಕೇ ಆರ್‌ಡಿಡಬ್ಲ್ಯೂ ಜಾಸ್ತಿ. ಟ್ರೇಟ್ ಇರೋರಲ್ಲಿ ಅಚ್ಚೇ ಸಣ್ಣದು, ಎಲ್ಲ ಕಣನೂ ಒಂದೇ ಸಮ ಸಣ್ಣ, ಮೈ ಅದಕ್ಕೆ ಸರಿದೂಗಿಸೋಕೆ ಜಾಸ್ತಿ ಜಾಸ್ತಿ ಕಣ ಮಾಡತ್ತೆ. 1973ರಲ್ಲಿ ಮೆಂಟ್ಸರ್ ಅನ್ನೋ ಡಾಕ್ಟರ್ ಹೇಳಿದ ಸುಲಭ ಲೆಕ್ಕ ಇದೆ, ಎಂಸಿವಿನ ಆರ್‌ಬಿಸಿಯಿಂದ ಭಾಗಿಸಿ, 13ಕ್ಕಿಂತ ಕಮ್ಮಿ ಬಂದ್ರೆ ಟ್ರೇಟ್ ಕಡೆ ಅನುಮಾನ, ಜಾಸ್ತಿ ಬಂದ್ರೆ ಐರನ್ ಕಡೆ. ಹುಡುಗಿಗೆ 11, ಇನ್ನೊಬ್ರಿಗೆ 16.8.

ಇದು ದಾರಿ ತೋರಿಸೋ ಲೆಕ್ಕ ಮಾತ್ರ, ತೀರ್ಪಲ್ಲ. ಖಚಿತ ಆಗೋಕೆ ಮೈಯಲ್ಲಿರೋ ಐರನ್ ಸ್ಟಾಕ್ ಹೇಳೋ ಫೆರಿಟಿನ್ ನೋಡ್ಬೇಕು, ಹಿಮೋಗ್ಲೋಬಿನ್ನಿನ ಬಗೆಗಳನ್ನ ಬೇರೆ ಮಾಡೋ ಎಚ್‌ಪಿಎಲ್‌ಸಿಯಲ್ಲಿ ಹಿಮೋಗ್ಲೋಬಿನ್ ಎ2 ನೋಡ್ಬೇಕು, ನೂರಕ್ಕೆ 3.5ಕ್ಕಿಂತ ಜಾಸ್ತಿ ಇದ್ರೆ ಸಾಮಾನ್ಯವಾಗಿ ಬೀಟಾ ಟ್ರೇಟ್. ಟ್ರೇಟ್ ಜೊತೆ ಐರನ್ನೂ ಕಮ್ಮಿ ಇದ್ರೆ ಎ2 ಕೆಳಗಿಳಿದು ಮರೆಯಾಗಬಹುದು, ಅಂಥೋರಿಗೆ ಐರನ್ ಸರಿ ಮಾಡಿ ಮತ್ತೆ ಟೆಸ್ಟ್ ಮಾಡಿಸ್ಬೇಕು. ಆ ಹುಡುಗಿಗೆ ಎ2 ಜಾಸ್ತಿನೇ ಬಂತು, ಫೆರಿಟಿನ್ ಭರ್ತಿ ಇತ್ತು, ಅವಳು ಸೊಪ್ಪು ತಿನ್ನದೇ ಇದ್ದಿದ್ದಕ್ಕೂ ಇದಕ್ಕೂ ಸಂಬಂಧನೇ ಇರ್ಲಿಲ್ಲ. ಡಾಕ್ಟರ್ ಮಾತ್ರೆ ನಿಲ್ಲಿಸಿದ್ರು, ಮದುವೆ ಮಾತುಕತೆ ನಡೀತಿದ್ದ ಹುಡುಗನಿಗೂ ಟೆಸ್ಟ್ ಮಾಡ್ಸೋಕೆ ಹೇಳಿದ್ರು. ಒಬ್ರಿಗೆ ಮಾತ್ರ ಟ್ರೇಟ್ ಇದ್ರೆ ಮಕ್ಕಳಿಗೆ ದೊಡ್ಡ ತೊಂದರೆ ಇಲ್ಲ, ಇಬ್ರಿಗೂ ಇದ್ರೆ ಪ್ರತಿ ಬಸುರಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗು ತಲಸೇಮಿಯಾ ಮೇಜರ್ ಆಗೋ ಸಂಭವ, ಜೀವನಪೂರ್ತಿ ತಿಂಗಳು ತಿಂಗಳು ರಕ್ತ ಹಾಕಿಸೋ ಮಗು. ಕೆಲವೇ ರೂಪಾಯಿ ಸಿಬಿಸಿ ಕೊಟ್ಟ ಸುಳಿವನ್ನ ಹತ್ತು ವರ್ಷ ಯಾರೂ ಓದಿರ್ಲಿಲ್ಲ.

ಎಂಸಿವಿ 100 ದಾಟಿದ್ರೆ ಬಿ12, ಫೋಲಿಕ್ ಆಸಿಡ್, ಕುಡಿತ, ಲಿವರ್, ಥೈರಾಯ್ಡ್ ಈ ಐದನ್ನ ಕೇಳಿ, ಆಮೇಲೆ ತಗೊಳ್ತಿರೋ ಮಾತ್ರೆ. ಮೆಥೋಟ್ರೆಕ್ಸೇಟ್, ಹೈಡ್ರಾಕ್ಸಿಯೂರಿಯಾ, ಜಿಡೋವುಡಿನ್ ಇವೆಲ್ಲ ಎಂಸಿವಿ ಏರಿಸ್ತವೆ. ಸ್ಲೈಡಲ್ಲಿ ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣದ ನ್ಯೂಕ್ಲಿಯಸ್ ಐದಾರು ಹೋಳಾಗಿದ್ದು ಕೆಂಪು ಕಣ ಮೊಟ್ಟೆ ಆಕಾರದಲ್ಲಿ ದೊಡ್ಡದಿದ್ರೆ ಬಿ12, ಫೋಲೇಟ್ ಕಡೆಗೇ ಹೋಗಿ. ಫೋಲಿಕ್ ಆಸಿಡ್ ಕಥೆ ಶುರುವಾಗಿದ್ದೇ ನಮ್ಮ ದೇಶದಲ್ಲಿ. 1928ರ ಹೊತ್ತಿಗೆ ಬಾಂಬೆಗೆ ಬಂದ ಲೂಸಿ ವಿಲ್ಸ್ ಅನ್ನೋ ಡಾಕ್ಟರ್ ಅಲ್ಲಿನ ಬಡ ಗರ್ಭಿಣಿಯರ ದೊಡ್ಡ ಕಣದ ರಕ್ತಹೀನತೆ ಯೀಸ್ಟಿನ ಸಾರಕ್ಕೆ ವಾಸಿ ಆಗತ್ತೆ ಅಂತ ಕಂಡುಹಿಡಿದ್ರು, 1931ರಲ್ಲಿ ಪ್ರಕಟ ಮಾಡಿದ್ರು. ಅದರಲ್ಲಿದ್ದ ಆ ಪದಾರ್ಥನೇ ಫೋಲೇಟ್ ಅಂತ ಆಮೇಲೆ ಗೊತ್ತಾಯ್ತು. ಒಂದು ಎಚ್ಚರಿಕೆ, ಬಿ12 ನೋಡದೇ ಬರೀ ಫೋಲಿಕ್ ಆಸಿಡ್ ಕೊಟ್ರೆ ರಕ್ತ ಸುಧಾರಿಸಿದ ಹಾಗೆ ಕಾಣತ್ತೆ, ಕೈಕಾಲು ಜೋಮು, ನರದ ತೊಂದರೆ ಒಳಗೊಳಗೇ ಮುಂದುವರಿಯತ್ತೆ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡೋದು ಎಂಸಿವಿ 86 ಅನ್ನೋ ನಾರ್ಮಲ್ ನಂಬರ್. ಸಸ್ಯಾಹಾರಿ ಮನೆಯ ಯಜಮಾನ್ರು ಒಬ್ರು ಸುಸ್ತು ಅಂತ ಬಂದಿದ್ರು, ಹಿಮೋಗ್ಲೋಬಿನ್ 9, ಎಂಸಿವಿ 86, ರಿಪೋರ್ಟಲ್ಲಿ ಎಂಸಿವಿ ಎದುರು ಯಾವ ಗುರುತೂ ಇಲ್ಲ. ಆರ್‌ಡಿಡಬ್ಲ್ಯೂ 22 ಇತ್ತು. ಸ್ಲೈಡ್ ಹಾಕಿದ್ರೆ ಒಂದು ಕಡೆ ಬಿಳಿಚಿಕೊಂಡ ಪುಟ್ಟ ಪುಟ್ಟ ಕಣ, ಅದರ ಮಧ್ಯೆ ದೊಡ್ಡ ಮೊಟ್ಟೆಯಾಕಾರದ ಕಣ. ಗೋಟಡಿಕೆನೂ ಪುಡಿ ಅಡಿಕೆನೂ ಒಂದೇ ಮೂಟೆಗೆ ತುಂಬಿ ಸರಾಸರಿ ತೆಗೆದ್ರೆ ಮಧ್ಯಮ ಅಡಿಕೆ ಅಂತ ಬರತ್ತೆ, ಮೂಟೆಯಲ್ಲಿ ಮಧ್ಯಮ ಅಡಿಕೆ ಒಂದೂ ಇರಲ್ಲ. ಮೂಲವ್ಯಾಧಿಯಿಂದ ಐರನ್ ಹೋಗ್ತಿತ್ತು, ಬಿ12 ಊಟದಲ್ಲಿ ಮೊದಲೇ ಕಮ್ಮಿ, ಎರಡೂ ಒಂದನ್ನೊಂದು ಮುಚ್ಚಿಟ್ಟಿದ್ವು. ಎಂಸಿವಿ ಪಕ್ಕದಲ್ಲಿ ಆರ್‌ಡಿಡಬ್ಲ್ಯೂ ಮತ್ತೆ ಹಿಸ್ಟೋಗ್ರಾಂ (ಯಾವ ಗಾತ್ರದ ಕಣ ಎಷ್ಟಿದೆ ಅನ್ನೋ ಗ್ರಾಫ್) ನೋಡದೇ ಸಹಿ ಹಾಕಬೇಡಿ, ಎರಡು ಗುಡ್ಡ ಕಂಡ್ರೆ ಸ್ಲೈಡ್ ಹಾಕಿ.

ಮಕ್ಕಳ ರಿಪೋರ್ಟಿಗೆ ದೊಡ್ಡವರ ಅಳತೆಗೋಲು ಇಡಬೇಡಿ. ಹುಟ್ಟಿದ ಮಗುವಿಗೆ 100ರ ಮೇಲೇ ಇರತ್ತೆ, ವರ್ಷ ದಾಟಿದ ಮೇಲೆ ಹತ್ತು ವರ್ಷದವರೆಗೆ 70ಕ್ಕೆ ಮಗುವಿನ ವಯಸ್ಸು ಕೂಡಿಸಿದ್ರೆ ಸುಮಾರಾಗಿ ಕೆಳಗಿನ ಮಿತಿ ಸಿಗತ್ತೆ. ಮೂರು ವರ್ಷದ ಮಗುವಿಗೆ 76 ಬಂದು ರಿಪೋರ್ಟಲ್ಲಿ ಕೆಂಪು ಗುರುತು ಬಿದ್ರೆ ಗಾಬರಿ ಬೇಡ.

ಡೆಂಗಿ ಸೀಸನ್ನಿಗೆ ಒಂದು ಮಾತು. ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಅಂತ ಕೇಳ್ತಾರೆ, ಪಿಸಿವಿ ಯಾರೂ ಕೇಳಲ್ಲ. ರಕ್ತನಾಳದಿಂದ ನೀರು ಸೋರಿ ಹೋದಾಗ ಉಳಿದ ರಕ್ತ ಗಟ್ಟಿಯಾಗತ್ತೆ, ಪಿಸಿವಿ ಮೊದಲಿದ್ದಕ್ಕಿಂತ ನೂರಕ್ಕೆ ಇಪ್ಪತ್ತರಷ್ಟು ಏರಿದ್ರೆ, ಅಂದ್ರೆ 38 ಇದ್ದಿದ್ದು 46 ಆದ್ರೆ, ಅದು ಅಪಾಯದ ಗಂಟೆ. ಆಗ ಎಂಸಿವಿ ಒಂದು ಸಲ ನೋಡ್ಕೊಳ್ಳಿ. ನಿಜವಾಗ್ಲೂ ನೀರು ಸೋರಿದ್ರೆ ಹಿಮೋಗ್ಲೋಬಿನ್, ಆರ್‌ಬಿಸಿ, ಪಿಸಿವಿ ಮೂರೂ ಒಟ್ಟಿಗೆ ಏರಿರತ್ತೆ, ಎಂಸಿವಿ ಮಾತ್ರ ನಿಂತಲ್ಲೇ ನಿಂತಿರತ್ತೆ. ಹಿಮೋಗ್ಲೋಬಿನ್ ಅಲ್ಲೇ ಇದ್ದು ಪಿಸಿವಿ ಜೊತೆ ಎಂಸಿವಿ ಏರಿದ್ರೆ ಕಣ ಉಬ್ಬಿದೆ, ಸ್ಯಾಂಪಲ್ ಹಳೇದಾ ನೋಡಿ. ಎಲ್ಲ ಒಟ್ಟಿಗೆ ಧುಮ್ ಅಂತ ಇಳಿದಿದ್ರೆ ಡ್ರಿಪ್ ಹೋಗ್ತಿರೋ ಕೈಯಿಂದಲೇ ರಕ್ತ ತೆಗೆದಿರ್ತಾರೆ, ಇನ್ನೊಂದು ಕೈಯಿಂದ ತೆಗೆಸಿ, ಆದ್ರೆ ಒಳಗೆಲ್ಲೋ ರಕ್ತಸ್ರಾವ ಆಗ್ತಿದ್ರೂ ಹೀಗೇ ಇಳಿಯೋದ್ರಿಂದ ಮತ್ತೆ ಬರೋ ರಿಪೋರ್ಟಿಗೆ ಕಾಯದೇ ಡಾಕ್ಟರ್‌ಗೆ ತಕ್ಷಣ ಹೇಳಿ.

ಟ್ರೀಟ್‌ಮೆಂಟ್ ಶುರುವಾಗಿ ಹತ್ತು ದಿನಕ್ಕೆ ಬಂದು ಎಂಸಿವಿ ಏರಿಲ್ಲ ಅಂತ ಬೇಜಾರು ಮಾಡ್ಕೊಳೋರು ತುಂಬಾ ಜನ. ಹಳೇ ಸಣ್ಣ ಕಣ ಇನ್ನೂ ಓಡಾಡ್ತಿರ್ತವೆ, ಹೊಸದು ಬೆರೀತಿರತ್ತೆ, ಆ ಹೊತ್ತಲ್ಲಿ ಆರ್‌ಡಿಡಬ್ಲ್ಯೂ ಇನ್ನೂ ಜಾಸ್ತಿನೇ ಆಗತ್ತೆ. ಐರನ್ ಕೆಲಸ ಮಾಡ್ತಿದೆಯಾ ಅಂತ ಒಂದು ವಾರದಲ್ಲಿ ಹೇಳೋದು ರೆಟಿಕ್ಯುಲೋಸೈಟ್ (ಹೊಸದಾಗಿ ಹುಟ್ಟಿದ ಕೆಂಪು ಕಣ) ಕೌಂಟ್, ತಿಂಗಳಲ್ಲಿ ಹೇಳೋದು ಹಿಮೋಗ್ಲೋಬಿನ್, ಎಂಸಿವಿ ಪೂರ್ತಿ ಸರಿಯಾಗೋಕೆ ಮೂರು ನಾಲ್ಕು ತಿಂಗಳು ಬೇಕು.

ಇನ್ನು ರಕ್ತ ಹಾಕೋ ಪೇಷಂಟ್ ಬಂದ್ರೆ, ಎಷ್ಟೇ ಅರ್ಜೆಂಟ್ ಇದ್ರೂ ಬಾಟಲ್ ಏರಿಸೋಕೆ ಮುಂಚೆ ಒಂದು ಪರ್ಪಲ್ ಟ್ಯೂಬ್ ತೆಗೆದಿಟ್ಕೊಳ್ಳಿ, ಸ್ಲೈಡ್ ಎರಡು ಎಳೆದಿಡಿ. ಬಾಟಲ್ ಹೋದ ಮೇಲೆ ಎಂಸಿವಿ ಅರ್ಧ ಪೇಷಂಟಿದ್ದು ಅರ್ಧ ದಾನಿದು, ಎಚ್‌ಪಿಎಲ್‌ಸಿ ಮಾಡಿಸ್ಬೇಕಂದ್ರೂ ಮೂರು ತಿಂಗಳು ಕಾಯ್ಬೇಕಾಗತ್ತೆ.